‘ರೈಟ್ ರೈಟ್’ ಎಂದ ತಪ್ಪಿನ ಬಗ್ಗೆ ಮಾರ್ಗರೆಟ್ ಅವರ ಸನ್ನಿಧಿಗೆ

ಶನಿವಾರ, ಜೂನ್ ಹದಿಮೂರು, ಬೆಳಗ್ಗೆ ಆರೂವರೆ.
ಹವಾಮಾನ: ಆಕಾಶ ಹುಣಸೆಹಣ್ಣು ಹಚ್ಚಿ ತೊಳೆದ ಹಿತ್ತಾಳೆ ತಟ್ಟೆಯಂತಿದೆ. ಸೆಕೆ ಈಗಲೇ ಶುರು. ತಮ್ಮ ಮೇಪಲ್ ಮರದ ಒಂದು ಎಲೆಯೂ ಅಲ್ಲಾಡುತ್ತಿಲ್ಲ. (ಡಿಪೊದ ದಿನಚರಿ ಪುಸ್ತಕದಲ್ಲಿ ಮೊದಲ ಕಲಮು ಹವಾಮಾನದ್ದು. ರೂಢಿ ಬಿಡಲಾಗದ ಕಾರಣ ಬರೆದಿದ್ದೇನೆ.)

ಇಂದ,
ಚನ್ನಬಸಮ್ಮ, ವಯಸ್ಸು ಅರವತ್ತೊಂಬತ್ತು,
ನಿವೃತ್ತ ಗುಮಾಸ್ತೆ, ಬಸ್ ಡಿಪೊ, ಕುಷ್ಟಗಿ.
ಹಾಲಿ ವಾಸ: ಮಗಳು ಸೌಜನ್ಯಾಳ ಮನೆ, ತಮ್ಮ ಬೇಲಿಯ ಪಕ್ಕ.

ಗೆ,
ಶ್ರೀಮತಿ ಮಾರ್ಗರೆಟ್ ಅವರು,
ಅಧ್ಯಕ್ಷರು, ವಿಲೋ ಹಾಲೋ ಗೃಹಮಾಲೀಕರ ಸಂಘ,
ಈಸ್ಟ್ ಬ್ರನ್ಸ್‌ವಿಕ್, ನ್ಯೂಜೆರ್ಸಿ.

ವಿಷಯ: ನಮ್ಮ ಡ್ರೈವ್‌ವೇಯಲ್ಲಿ ನಿಂತಿರುವ ಟ್ರಾವೆಲ್ ಟ್ರೇಲರನ್ನು ಹೆಚ್ಚುವರಿ ಮೂರು ದಿನ ನಿಲ್ಲಗೊಡಬೇಕೆಂದು ಕೋರಿ, ಹಾಗೂ ಹಾಗೆ ಕೋರುವ ಯೋಗ್ಯತೆ ಅರ್ಜಿದಾರಳಿಗೆ ಇದೆಯೇ ಎಂಬುದನ್ನು ತಾವೇ ತೀರ್ಮಾನಿಸಬೇಕೆಂದು ಕೋರಿ.

ಉಲ್ಲೇಖ: (೧) ಟ್ರೇಲರಿನ ಕಿಟಕಿಗೆ ತಾವು ಸೋಮವಾರ ಅಂಟಿಸಿದ ಹಳದಿ ನೋಟಿಸು. (೨) ಡ್ರೈವ್‌ವೇಯಲ್ಲಿ ಟ್ರೇಲರ್ ನಿಲ್ಲಿಸುವ ಕುರಿತಾದ ಸಂಘದ ನಿಯಮ ಹನ್ನೊಂದು (ಬಿ). (೩) ಕಳೆದ ಭಾನುವಾರ ಬೇಲಿಯಾಚೆಯಿಂದ ತಾವು ‘ವಾಟ್ ಎ ವಿಂಡ್!’ ಎಂದು ಉದ್ಗರಿಸಿದ್ದು.

ಮಾನ್ಯರೇ,

೧. ಅರ್ಜಿ ಕನ್ನಡದಲ್ಲಿರುವುದಕ್ಕೆ ಮೊದಲು ಕ್ಷಮೆ ಇರಲಿ. ಇಪ್ಪತ್ತೊಂಬತ್ತು ವರ್ಷ ಡಿಪೊದಲ್ಲಿ ಬರೆದದ್ದು ಇದೇ ಭಾಷೆಯಲ್ಲಿ, ಇದೇ ಧಾಟಿಯಲ್ಲಿ. ನನಗೆ ಬರುವ ಇಂಗ್ಲಿಷಿನಲ್ಲಿ ತರಕಾರಿ ಕೊಳ್ಳಬಹುದು, ತಪ್ಪು ಒಪ್ಪಿಕೊಳ್ಳಲಾಗದು. ಮೊಮ್ಮಗಳು ದಿಯಾ ತಮ್ಮ ವರಾಂಡದಲ್ಲಿ ಕುಳಿತು ಇದನ್ನು ಓದಿ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಒಂದು ಸಾಲೂ ಬಿಡಬಾರದೆಂದು ಆಣೆ ಹಾಕಿಸಿದ್ದೇನೆ. ಅವಳು ಅಲ್ಲಲ್ಲಿ ತಡವರಿಸಿದರೆ ಅದು ಒತ್ತಕ್ಷರದ ದೆಸೆಯಿಂದ. ಐದನೆಯ ಅಂಶದಲ್ಲಿ ತಡವರಿಸಿದರೆ ನಾಚಿಕೆಯಿಂದ.

೨. ಟ್ರೇಲರ್ ತೆಗೆಯಲು ತಾವು ಹತ್ತು ದಿನದ ಗಡುವು ಕೊಟ್ಟಿದ್ದೀರಿ. ಅದು ಹದಿನೆಂಟನೇ ತಾರೀಖು ಗುರುವಾರಕ್ಕೆ ಮುಗಿಯುತ್ತದೆ. ನಾವು ಹೊರಡುವುದು ಇಪ್ಪತ್ತೊಂದು ಭಾನುವಾರ, ಬೆಳಗ್ಗೆ. ಅಳಿಯ ಬಸವಪ್ರಸಾದನಿಗೆ ರಜೆ ಸಿಗುವುದೇ ಆಗ. ಈ ಕಂಪನಿಯ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ಒಟ್ಟಿಗೆ ಮೂರು ವಾರ ರಜೆ ಕೇಳಿದ್ದು ಇದೇ ಮೊದಲು. ಟ್ರೇಲರ್ ನಿಲ್ಲಿಸಿಕೊಳ್ಳುವ ಅಂಗಳಗಳಲ್ಲಿ ವಿಚಾರಿಸಿದ್ದಾಯಿತು. ಬೇಸಿಗೆಯಾದ ಕಾರಣ ಎಲ್ಲ ಭರ್ತಿ. ಆದ್ದರಿಂದ ಈ ಮೂರು ದಿನ ಸಿಗದಿದ್ದರೆ ಗಾಡಿಯನ್ನು ಹಿಂದಿರುಗಿಸಬೇಕು, ಪ್ರಯಾಣವನ್ನು ಮಡಚಿಡಬೇಕು.

೩. ಈ ಪ್ರಯಾಣವೇಕೆ ಎಂದು ತಾವು ಕೇಳಬಹುದು. ಮಾನ್ಯರೇ, ಈ ದೇಶಕ್ಕೆ ಬಂದು ಹನ್ನೊಂದು ವರ್ಷದಲ್ಲಿ ನಾನು ನಯಾಗರಾ ಜಲಪಾತವನ್ನು ಒಂಬತ್ತು ಸಲ ನೋಡಿದ್ದೇನೆ. ಊರಿನಿಂದ ಯಾರೇ ಬರಲಿ, ಅವರನ್ನು ನಯಾಗರಾಕ್ಕೆ ಒಯ್ಯುವುದು ನ್ಯೂಜೆರ್ಸಿಯ ಕನ್ನಡಿಗರಿಗೆ ಬರೆದಿಡದ ಕಾನೂನು. ಕಾರಿನಲ್ಲಿ ಸೀಟು ಉಳಿದಿರುತ್ತದೆ; ‘ಅವ್ವಾ, ನೀನೂ ಬಾ’ ಎನ್ನುತ್ತಾರೆ; ಹೋಗುತ್ತೇನೆ. ಈಗ ಆ ನೀರಿಗೂ ನನ್ನ ಗುರುತು ಹತ್ತಿರಬೇಕು. ಪಶ್ಚಿಮಕ್ಕೆ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರನ ತನಕ ಹೋಗಿದ್ದೇನೆ. ಅದರಾಚೆಗೂ ದೇಶವಿದೆಯೆಂದು ನಕಾಶೆ ಹೇಳುತ್ತದೆ. ಶಿವ ಇಷ್ಟು ದೊಡ್ಡ ಬಯಲನ್ನು ಹಾಸಿಟ್ಟಿರುವಾಗ ಹೊಸಿಲ ಬಳಿ ನಿಂತು ವಾಪಸ್ಸಾಗುವುದು ಉಂಡೆದ್ದು ಬಡಿಸಿದವರ ಮುಖ ನೋಡದೆ ಹೋದಂತೆ. ಇಪ್ಪತ್ತೆರಡು ದಿನ, ಹದಿಮೂರು ರಾಜ್ಯ, ಕೊನೆಗೆ ಪಶ್ಚಿಮದ ಸಮುದ್ರ. ಮಲಗುವ ಮನೆ ಕಾರಿಗೆ ಕಟ್ಟಿಕೊಂಡು ನಮ್ಮ ಬೆನ್ನ ಹಿಂದೆಯೇ ಬರುತ್ತದೆ! ಇದನ್ನು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಸೌಜನ್ಯಾ ಓಡಿಬಂದು ಬಿ.ಪಿ. ನೋಡಿದಳು.

೪. ಸಿದ್ಧತೆಯ ವಿವರ. ಬಸವಪ್ರಸಾದ್ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ತೂಕ ಬರೆದಿದ್ದಾನೆ. ಕಡಕ್ ರೊಟ್ಟಿ ಮುನ್ನೂರು, ಶೇಂಗಾ ಹಿಂಡಿ (ಚಟ್ನಿಪುಡಿ) ಎರಡು ಡಬ್ಬಿ, ಖಾರ ಕುಟ್ಟುವ ಕಲ್ಲು ಒಂದು.

“ಅತ್ತಿ, ಕಲ್ಲು ಯಾಕ್ರಿ? ಎವ್ರಿ ಪೌಂಡ್ ಕೌಂಟ್ ಆಗತೈತಿ.”

“ಹಂಗಾರ ನನ್ನ ಬಿಟ್ಟು ಕಲ್ಲು ಒಯ್ಯಿ. ಅದು ಚಟ್ನಿನರ ಕೊಡತೈತಿ.”

ಕಲ್ಲು ಪಟ್ಟಿಯಲ್ಲಿ ಉಳಿಯಿತು. ಇನ್ನು ಪೂಜೆ. ಫ್ಲಶಿಂಗ್ ಗುಡಿಯ ಗಣಪತಿಗೆ ತೋರಿಸದೆ ಗಾಡಿ ಎಬ್ಬಿಸುವುದುಂಟೇ? ಆದರೆ ಅಲ್ಲಿಗೆ ಹೋಗುವ ನ್ಯೂಯಾರ್ಕಿನ ಪಾರ್ಕ್‌ವೇ ರಸ್ತೆಗಳ ಮೇಲೆ ಟ್ರೇಲರ್ ಒಯ್ಯಲು ಬಿಡುವುದಿಲ್ಲವಂತೆ. ಆ ಕಾರಣ ಟ್ರೇಲರಿನ ಕೀಲಿಕೈಯನ್ನು ಮಾತ್ರ ಕುಂಕುಮದ ಚೀಲದಲ್ಲಿಟ್ಟುಕೊಂಡು ದಿಯಾಳೊಡನೆ ರೈಲು ಹತ್ತಿ, ಸಬ್‌ವೇ ಬದಲಿಸಿ ಹೋದೆ. ಅರ್ಚಕರು “ಯಾರ ಹೆಸರಿಗಮ್ಮಾ ಅರ್ಚನೆ?” ಎಂದರು. “ಟ್ರೇಲರ್ ಹೆಸರಿಗೆ” ಎಂದೆ. “ನಕ್ಷತ್ರ?” ದಿಯಾ ಫೋನಿನಲ್ಲಿ ಹುಡುಕಿ ಗಾಡಿ ತಯಾರಾದ ತಿಂಗಳು ಹೇಳಿದಳು. ಅವರು ಕಣ್ಣು ಮುಚ್ಚಿ ಸ್ವಲ್ಪ ಯೋಚಿಸಿ, “ಇರಲಿ, ಅವನಿಗೆ ಗೊತ್ತಾಗುತ್ತೆ” ಎಂದು ಮುಗಿಸಿದರು. ಕ್ಯಾಂಟೀನಿನಲ್ಲಿ ದೋಸೆ ತಿಂದು ಬಂದೆವು.

೫. ಇಲ್ಲಿಗೆ ಕೋರಿಕೆಯ ಭಾಗ ಮುಗಿದು, ಅಪರಾಧದ ಭಾಗ ಆರಂಭವಾಗುತ್ತದೆ.

ಕಳೆದ ಶನಿವಾರ, ಮಧ್ಯಾಹ್ನ ಮೂರೂವರೆ. ತಾವು ಚರ್ಚಿನ ಕೆಲಸಕ್ಕೆ ಹೋಗಿದ್ದಿರಿ. ಟ್ರೇಲರ್ ಆಗಷ್ಟೇ ಬಂದಿತ್ತು. ಅದನ್ನು ಹಿಮ್ಮುಖವಾಗಿ ಡ್ರೈವ್‌ವೇಗೆ ಸೇರಿಸಬೇಕು. ನೌಕರಿಗಾಗಿ ಹ್ಯಾರಿಸನ್ ಊರಿನಲ್ಲಿದ್ದು ವಾರಾಂತ್ಯಕ್ಕೆ ಬಂದಿದ್ದ, ಇದರ ಬಗ್ಗೆ ಹದಿನಾಲ್ಕು ವಿಡಿಯೋ ನೋಡಿದ್ದ ದಿಯಾ ಸ್ಟಿಯರಿಂಗ್ ಹಿಡಿದಳು. ಹಿಂದೆ ನಿಂತು ದಾರಿ ತೋರಿಸುವ ಕೆಲಸ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಕಿತ್ತುಕೊಂಡೆ. ಡಿಪೊದಲ್ಲಿ ದಿನಕ್ಕೆ ನಲವತ್ತು ಬಸ್ಸು ಹಿಂದೆ ಮುಂದೆ ಆಗುವುದನ್ನು ಕಿಟಕಿಯಿಂದ ನೋಡಿದವಳು ನಾನು.

ನಮ್ಮ ಕಡೆ, ಮಾನ್ಯರೇ, ಕಂಡಕ್ಟರು ‘ರೈಟ್ ರೈಟ್’ ಎಂದರೆ ‘ಎಲ್ಲ ಸರಿಯಿದೆ, ನಡಿ’ ಎಂದರ್ಥ. ಬಲಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಗಾಡಿ ಗೆರೆ ಎಳೆದಂತೆ ನೇರ ಬರುತ್ತಿತ್ತು. ನನ್ನ ಎದೆ ಉಬ್ಬಿತು. ಕೈ ಎತ್ತಿ, “ರೈಟ್! ರೈಟ್! ರೈಟ್!” ಎಂದು ಕೂಗಿದೆ.

ಈ ನೆಲದಲ್ಲಿ ಹುಟ್ಟಿದ ಹುಡುಗಿ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಹಿಮ್ಮುಖವಾಗಿ ಹೋಗುವಾಗ ಕಾರು ಬಲಕ್ಕೆ ತಿರುಗಿದರೆ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗುತ್ತದೆಂಬ ಸೃಷ್ಟಿನಿಯಮ ನನಗೆ ಆಗ ತಿಳಿಯಿತು. ಎಡಕ್ಕೆ ತಮ್ಮ ಟಪಾಲು ಪೆಟ್ಟಿಗೆ ಇತ್ತು. ಕೂಡಲೇ “ಹೋಲ್ಡಾನ್! ಹೋಲ್ಡಾನ್!” ಎಂದು ಚೀರಿದೆ. ನಮ್ಮ ಡಿಪೊದಲ್ಲಿ ಹಾಗೆಂದರೆ ‘ನಿಲ್ಲಿಸು’. ದಿಯಾ ಸ್ಟಿಯರಿಂಗನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಗಾಡಿ ಬರುತ್ತಲೇ ಇತ್ತು.

ಪೆಟ್ಟಿಗೆ ಕಂಬದ ಸಮೇತ ಮಲಗಿತು.

“ಅಜ್ಜೀ! ಯು ಸೆಡ್ ರೈಟ್!”

“ರೈಟ್ ಅಂದ್ರ ರೈಟ್ ಅಲ್ಲಬೇ! ರೈಟ್ ಅಂದ್ರ ರೈಟ್!”

“ವಾಟ್ ಡಸ್ ದಟ್ ಈವನ್ ಮೀನ್?”

ಬಸವಪ್ರಸಾದ್ ಹುಲ್ಲಿನ ಮೇಲೆ ಕುಸಿದು ಕುಳಿತಿದ್ದ. ಅಳುತ್ತಿದ್ದಾನೆಂದು ಹತ್ತಿರ ಹೋದರೆ ನಗುತ್ತಿದ್ದ. ಆಮೇಲೆ ಮೂವರೂ ನಕ್ಕೆವು. ಇದನ್ನೂ ಮುಚ್ಚಿಡದೆ ದಾಖಲಿಸಿದ್ದೇನೆ.

೬. ಚೆಲ್ಲಿದ್ದ ಟಪಾಲನ್ನು ಆಯ್ದು, ಒರೆಸಿ, ಪೆಟ್ಟಿಗೆಯಲ್ಲಿಟ್ಟೆವು. ಕಂಬವನ್ನು ಎಬ್ಬಿಸಿ ನಿಲ್ಲಿಸಿ, ಬೂದುಬಣ್ಣದ ಟೇಪು ಸುತ್ತಿ, ತಾವು ಬಂದಮೇಲೆ ಹೇಳುವುದೆಂದು ನಿಶ್ಚಯಿಸಿದೆವು. ಅಷ್ಟರಲ್ಲಿ ಸಂಜೆ ಬಿರುಗಾಳಿ ಬೀಸಿ ಪೆಟ್ಟಿಗೆ ಮತ್ತೆ ಬಿತ್ತು. ಭಾನುವಾರ ತಾವು ಅದನ್ನು ನೋಡಿ ‘ವಾಟ್ ಎ ವಿಂಡ್!’ ಎಂದಿರಿ. ಬಸವಪ್ರಸಾದ್ “ಯಾ, ಕ್ರೇಜಿ ವಿಂಡ್” ಎಂದ. ನಾನು ತಲೆಯಾಡಿಸಿದೆ. ಹೀಗೆ ನಿರಪರಾಧಿ ವಾಯುದೇವನ ಮೇಲೆ ಸುಳ್ಳು ಮೊಕದ್ದಮೆ ಹೂಡಲಾಯಿತು. ಅವನಿಗೆ ಅಂದೇ ಊದುಬತ್ತಿ ಹಚ್ಚಿ ಕ್ಷಮೆ ಕೇಳಿದ್ದೇನೆ. ತಮಗೆ ಮಾತ್ರ ಕೇಳಲಿಲ್ಲ.

೭. ಮಂಗಳವಾರ. ಹೊಸ ಗಾಡಿಯ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುವುದು ನಮ್ಮ ಸಂಪ್ರದಾಯ. ಎಡ ಹಿಂಗಾಲಿಯ ಬಳಿ ಬಗ್ಗಿ ಹಣ್ಣು ಇಡಲು ಹೋದರೆ ಅಲ್ಲೊಂದು ಕಾಗದದ ಮೂಲೆ ಕಂಡಿತು. ಎಳೆದೆ. ನೀಲಿ ಲಕೋಟೆ, ಮೇಲೆ ತಮ್ಮ ಹೆಸರು, ಟೈರಿನ ಗುರುತು. ಕಳಿಸಿದವರ ಜಾಗದಲ್ಲಿ ಮಾಂಟಾನಾ ಎಂದಿತ್ತು. ಅಷ್ಟು ಓದಲು ನನಗೆ ಬರುತ್ತದೆ. ಅದು ನಮ್ಮ ದಾರಿಯ ಪಟ್ಟಿಯಲ್ಲಿರುವ ಎಂಟನೇ ರಾಜ್ಯ.

ಒಳಗೆ ತಂದು ತೋರಿಸಿದೆ. ಅಂದು ಮನೆಯಿಂದಲೇ ಕೆಲಸ ಮಾಡಲು ಇಲ್ಲಿಗೆ ಬಂದಿದ್ದ ದಿಯಾ, “ಅಜ್ಜೀ, ಬೇರೆಯವರ ಮೇಲ್ ಇಟ್ಕೊಳ್ಳೋದು ಈಸ್ ಎ ಫೆಡರಲ್ ಅಫೆನ್ಸ್!” ಎಂದಳು. ಬಸವಪ್ರಸಾದ್ ಬಾಗಿಲು ಹಾಕಿಬಂದ.

“ಅತ್ತಿ, ಕೊಡೂಣ್ರಿ. ಆದ್ರ ಪರ್ಮಿಶನ್ ಬರೋತನಾ ಸುಮ್ನಿರ್ರಿ. ಈಗ ಕೊಟ್ರ ಪೆಟ್ಟಿಗಿ ಯಾರು ಕೆಡವಿದ್ರು ಅಂತ ಗೊತ್ತಾಗತೈತಿ. ಮೂರು ದಿನ ಹೋಗ್ಲಿ, ಮೂರು ತಾಸೂ ಕೊಡೂದಿಲ್ಲ ಅವರು.”

ಸುಮ್ಮನಿದ್ದೆ. ಅವನು ಹೇಳಿದ್ದಕ್ಕಲ್ಲ, ನನಗೂ ಸಮುದ್ರ ಬೇಕಿತ್ತು.

೮. ಅಂದಿನಿಂದ ದಿನಾ ಮೂರು ಗಂಟೆಗೆ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೇನೆ. ಟಪಾಲಿನ ಗಾಡಿ ಬರುತ್ತದೆ. ತಾವು ವರಾಂಡದಿಂದ ಇಳಿದು, ಮುರಿದ ಕಂಬದ ಪಕ್ಕ ನಿಂತು ಕೇಳುತ್ತೀರಿ: “ನಥಿಂಗ್ ಫ್ರಮ್ ಮೈ ಬ್ರದರ್?” ಅವನು ಇಲ್ಲವೆಂದು ತಲೆಯಾಡಿಸುತ್ತಾನೆ. ತಾವು ಉಳಿದ ಟಪಾಲನ್ನು ನೋಡದೆಯೇ ಒಳಗೆ ಹೋಗುತ್ತೀರಿ. ‘ಮಾಂಟಾನಾದ ತಮ್ಮನೊಂದಿಗೆ ಆರು ವರ್ಷದಿಂದ ಮಾತಿಲ್ಲ, ಈ ವಸಂತದಲ್ಲಿ ನಾನೇ ಮೊದಲು ಕಾಗದ ಬರೆದೆ’ ಎಂದು ತಾವು ಸೌಜನ್ಯಾಳಿಗೆ ಹೇಳಿದ್ದು ನನಗೆ ಗೊತ್ತು. ಗೊತ್ತಿದ್ದೂ ನಾಲ್ಕು ದಿನ ಕಿಟಕಿಯ ಪರದೆ ಸರಿಸಿ ನಿಂತಿದ್ದೇನೆ.

ನಿನ್ನೆ ಬಸವಪ್ರಸಾದ್ ಟ್ರೇಲರಿನ ಮುಂದೆ ತಕ್ಕಡಿ ಇಟ್ಟು ಪರೀಕ್ಷೆ ಮಾಡುತ್ತಿದ್ದ. ಕಾರಿಗೆ ಸಿಕ್ಕಿಸುವ ಆ ಕಬ್ಬಿಣದ ಮೂತಿಗೆ ಇಲ್ಲಿ ನಾಲಿಗೆ ಎಂದೇ ಹೆಸರಂತೆ. “ಅತ್ತಿ, ನಾಲಿಗಿ ಮ್ಯಾಲೆ ಭಾರ ಜಾಸ್ತಿ ಐತ್ರಿ” ಎಂದ. ಕೈಯಲ್ಲಿದ್ದ ಹಿಂಡಿಯ ಡಬ್ಬಿ ಬಿದ್ದೇ ಹೋಯಿತು.

ನಮ್ಮ ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬಾಕೆ ಯಾತ್ರೆಗೆ ಹೊರಟಳು. ಗಂಟಿನಲ್ಲಿ ನೆರೆಮನೆಯವಳ ಸೌಟೊಂದು ಸೇರಿಹೋಗಿತ್ತು. ಗೊತ್ತಾಯಿತು, ಬಂದಮೇಲೆ ಕೊಟ್ಟರಾಯಿತೆಂದು ನಡೆದಳು. ಹೊಳೆ ದಾಟಬೇಕು, ದೋಣಿ ಮುಳುಗತೊಡಗಿತು. ಜೋಳದ ಚೀಲ ಇಳಿಸಿದರು, ಮುಳುಗಿತು. ಹಿಟ್ಟಿನ ಚೀಲ ಇಳಿಸಿದರು, ಮುಳುಗಿತು. ಅಂಬಿಗ ಕೇಳಿದ, “ತಾಯೀ, ಇನ್ನೇನು ಇಟ್ಟೀ?” ಸೌಟು ತೆಗೆದು ದಡಕ್ಕೆ ಇಟ್ಟಳು. ದೋಣಿ ಎಲೆಯಂತೆ ತೇಲಿತು. ‘ಆಮೇಲೆ ಅವಳು ಯಾತ್ರೆಗೆ ಹೋದಳಾ?’ ಎಂದು ನಾನು ಕೇಳುತ್ತಿದ್ದೆ. ‘ಇಲ್ಲ, ಸೌಟು ಕೊಡಲು ಮನೆಗೆ ಹೋದಳು’ ಎನ್ನುತ್ತಿದ್ದಳು ಅಜ್ಜಿ. ಚಿಕ್ಕಂದಿನಲ್ಲಿ ಈ ಕೊನೆ ನನಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

೯. ಮೇಲ್ಕಂಡ ಕಾರಣಗಳಿಂದ, ನಿಯಮ ಹನ್ನೊಂದು (ಬಿ) ಅನ್ವಯ ತಾವು ಟ್ರೇಲರನ್ನು ಇಂದೇ ತೆಗೆಸೆಂದರೂ ಮೇಲ್ಮನವಿ ಸಲ್ಲಿಸುವುದಿಲ್ಲ. ಮೂರು ದಿನ ಕೊಟ್ಟರೆ ಬೇಡ ಎನ್ನುವುದೂ ಇಲ್ಲ. ಎರಡೂ ಸಂದರ್ಭದಲ್ಲಿ ಬಸವಪ್ರಸಾದ್ ನಾಳೆ ಹೊಸ ಪೆಟ್ಟಿಗೆ ನೆಡುತ್ತಾನೆ. ದಾರಿ ತೋರಿಸಲು ನಾನು ನಿಲ್ಲುವುದಿಲ್ಲ. ಗಾಳಿಯ ಮೇಲಿನ ಆರೋಪವನ್ನು ತಾವು ದಯಮಾಡಿ ಕಡತದಿಂದ ತೆಗೆಯಬೇಕು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಒಂದೇ: ಅಡಕ ಮೂರನ್ನು ಮೊದಲು ತೆರೆಯಿರಿ. ಅರ್ಜಿಯನ್ನು ಆಮೇಲೆ ಕೇಳಿದರೂ ಅಡ್ಡಿಯಿಲ್ಲ. ಅದಕ್ಕಾಗಿಯೇ ದಿಯಾ ಅದನ್ನು ಮೊದಲು ತಮ್ಮ ಕೈಗೆ ಕೊಟ್ಟು, ತಾವು ಓದಿ ಮುಗಿಸುವತನಕ ಮೇಪಲ್ ಮರದ ಕಡೆ ಮುಖ ಮಾಡಿ ನಿಲ್ಲತಕ್ಕದ್ದೆಂದು ಆಜ್ಞಾಪಿಸಿದ್ದೇನೆ.

ತಮ್ಮ ಪಕ್ಕದ ಮನೆಯ ವಿಶ್ವಾಸಿ, ಈಗಲೂ ಹಾಗೆಂದು ಕರೆದುಕೊಳ್ಳಬಹುದಾದರೆ,
(ಸಹಿ) ಚನ್ನಬಸಮ್ಮ

ಅಡಕಗಳು:
೧. ಹಳದಿ ನೋಟಿಸು, ನಕಲು.
೨. ಕಡಕ್ ರೊಟ್ಟಿ, ಹನ್ನೆರಡು. (ಲಂಚವಲ್ಲ. ತೂಕ ಇಳಿಸಲು.)
೩. ಮಾಂಟಾನಾದ ಕಾಗದ, ಒಂದು. ಅಸಲು. ಟೈರಿನ ಗುರುತು ನಮ್ಮದು. ಒಡೆದಿಲ್ಲ.