ಹೊತ್ತು ಮುಳುಗಿದರೆ ಬಂದಾಗುವ ಪಬ್

ತೇರದಾಳದ ತ್ರಿಶಲಾಬಾಯಿ ಒಂದು ಪಬ್ಬಿನ ಮಾಲಕಿ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಂಬುವ ಪ್ರಶ್ನೆಯೇ ಬಂದಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ. ಕಿರಾಣಿ ಅಂಗಡಿಯ ಧನಪಾಲರಿಗೆ ತಮ್ಮ ಧರ್ಮಪತ್ನಿ ದಿನಾ ಸಂಜೆ ಒಣಹಾಕಿದ ಹಪ್ಪಳ ತೆಗೆಯಲು ಮಾಳಿಗೆ ಹತ್ತುತ್ತಾಳೆ ಎಂದಷ್ಟೇ ಗೊತ್ತು. ಮಳೆಗಾಲದಲ್ಲಿ ಹಪ್ಪಳ ಒಣಗುವುದು ಹೇಗೆ ಎಂದು ಅವರು ಇಲ್ಲಿಯವರೆಗೆ ಕೇಳಿಲ್ಲ. (ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು ಕೆಲವು ಪ್ರಶ್ನೆಗಳನ್ನು ಕೇಳದೇ ಇರುವುದನ್ನು ಕಲಿತಿರುತ್ತಾನೆ.)

ಪಬ್ ಇರುವುದು ಮೊಬೈಲಿನ ಒಂದು ಗ್ರೂಪಿನಲ್ಲಿ. ಹೆಸರು ‘ಬೈ-ಥ್ರೀ’. ಅದಕ್ಕೆ ಗೋಡೆಯಿಲ್ಲ, ಬಾಟಲಿಯಿಲ್ಲ, ಲೈಸೆನ್ಸಂತೂ ಇಲ್ಲವೇ ಇಲ್ಲ. ಗಿರಾಕಿಗಳು ಮಾಲಕಿಯನ್ನು ಹಿಡಿದು ಮೂವರು. ಸಾವಳಗಿಯಲ್ಲಿ ಹೊಲ, ಎಮ್ಮೆ, ಟ್ರ್ಯಾಕ್ಟರು, ಗಂಡ ಇಷ್ಟನ್ನೂ ಒಂದೇ ಗಂಟಲಿನಲ್ಲಿ ನಡೆಸುವ ತಂಗೆವ್ವ ಒಬ್ಬಳು. ಸಮೀರವಾಡಿಯಲ್ಲಿ ಸಕ್ಕರೆ ಕಾರಖಾನೆಯ ಕ್ವಾರ್ಟರ್ಸಿನಲ್ಲಿರುವ ಹೊಳೆವ್ವ ಇನ್ನೊಬ್ಬಳು. ಹೊಳೆವ್ವ ಬರೆಯುವವಳಲ್ಲ. ಜಗಳವಾಗಲಿ, ಲಗ್ನವಾಗಲಿ, ಯಾರಾದರೂ ಸತ್ತಿರಲಿ, ಆಕೆಯ ಉತ್ತರ ಒಂದೇ, ಕೈಮುಗಿದ ಚಿತ್ರ.

ಪಬ್ ಹುಟ್ಟಿದ್ದಕ್ಕೆ ಕಾರಣ ತಂಗೆವ್ವನ ಅಣ್ಣನ ಮಗಳು ಅಕ್ಷತಾ. ಆ ಹುಡುಗಿ ಪುಣೆಯಲ್ಲಿ ಗೆಳತಿಯರ ಜೊತೆ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತ ಫೋಟೋ ಕಳಿಸಿದ್ದಳು. ತಂಗೆವ್ವ ಅದನ್ನು ಗೆಳತಿಯರಿಗೆ ದಾಟಿಸಿ, “ನೋಡ್ರೆಬೇ, ಇವು ಹೆಂಗ ಕುಂತಾವು. ನಾವು ಹುಟ್ಟಿದಾಗಿಂದ ನಿಂತ ಅದೇವಿ” ಎಂದು ಬರೆದಳು. ತ್ರಿಶಲಾಬಾಯಿ ಆಗ ರೊಟ್ಟಿ ಬಡಿಯುತ್ತಿದ್ದಳು, ಅದೂ ನಿಂತುಕೊಂಡು. ಹಿಟ್ಟಿನ ಬೆರಳಿನಿಂದಲೇ ಉತ್ತರ ಒತ್ತಿದಳು. “ನಾವೂ ಕುಂಡ್ರೂಣು ಬರ್ರಿ. ಮೂರ ಸ್ಟೂಲ ಹಾಕೇನಿ.”

ಅಂದಿನಿಂದ ಮೂವರೂ ದಿನಾ ಸ್ಟೂಲು ಹತ್ತಿದರು. ಎದೆಯೆತ್ತರದ ಸ್ಟೂಲುಗಳು. ನಿಜವಾದ ಜಗತ್ತಿನಲ್ಲಿ ತ್ರಿಶಲಾ ಮಣೆಯಿಂದ ಏಳಬೇಕಾದರೂ ಗೋಡೆ, ಬಾಗಿಲು ಮತ್ತು ಜಿನೇಶ್ವರ ಮೂವರ ಸಹಾಯವೂ ಬೇಕು. ಆದರೆ ಬೈ-ಥ್ರೀಯಲ್ಲಿ ಯಾರಿಗೂ ಮೊಣಕಾಲು ನೋವಿಲ್ಲ. ಅದು ಪಬ್ಬಿನ ಮೊದಲನೆಯ ನಿಯಮ. ಎರಡನೆಯದು, ಬಾಟಲಿಯ ಮೇಲೆ ಬೀರು ಎಂದು ಬರೆದಿದ್ದರೂ ಒಳಗಿರುವುದು ಕಬ್ಬಿನ ಹಾಲು. (ಇಲ್ಲದ ಬಾಟಲಿಯಲ್ಲಿ ಇಲ್ಲದ ಬೀರಿನ ಬದಲು ಇಲ್ಲದ ಕಬ್ಬಿನ ಹಾಲು ಏಕೆ ಎಂದು ಕೇಳಬೇಡಿ. ಜೈನರ ಮನೆಯ ಹೆಣ್ಣುಮಗಳು ಪಬ್ ಇಡುವುದು ಅಷ್ಟು ಸುಲಭವಲ್ಲ.) ನೆಲದಡಿ ಬೆಳೆಯುವ ಆಲೂಗಡ್ಡೆಯ ಚಿಪ್ಸ್ ಸಿಗುವುದಿಲ್ಲ, ಬಾಳೆಕಾಯಿಯದು ಸಿಗುತ್ತದೆ. ತಂಗೆವ್ವ ಉಳ್ಳಾಗಡ್ಡಿ ಭಜಿ ಬೇಕೇ ಬೇಕೆಂದು ಹಟ ಹಿಡಿದಿದ್ದಕ್ಕೆ ಮೂಲೆಯಲ್ಲಿ ಆಕೆಗೊಂದು ಬೇರೆ ಟೇಬಲ್ಲು ಹಾಕಿಕೊಡಲಾಗಿದೆ.

ಹೆಸರಿನ ಹಿಂದೆ ಮೂವತ್ತೈದು ವರ್ಷದ ಇತಿಹಾಸವಿದೆ. ಜಮಖಂಡಿಯಲ್ಲಿ ಕಾಲೇಜು ಓದುವಾಗ ಮೂವರದ್ದೂ ಒಂದೇ ಖೋಲಿ. ಶನಿವಾರ ಊರಿಗೆ ಹೊರಟಾಗ ಬಸ್ ಸ್ಟ್ಯಾಂಡಿನ ಎದುರು ರೇವಪ್ಪನ ಕಬ್ಬಿನ ಗಾಣದ ಗಾಡಿ, ಗಾಲಿಗೆ ಗೆಜ್ಜೆ ಕಟ್ಟಿದ್ದು. ಮೂವರಿಗೆ ಒಂದೇ ಗ್ಲಾಸು. ಮೊದಲು ತಂಗೆವ್ವ, ಆಮೇಲೆ ಹೊಳೆವ್ವ. ತ್ರಿಶಲಾಳದು ಕೊನೆಗೆ, ಯಾಕೆಂದರೆ ಆಕೆ ಗ್ಲಾಸಿಗೆ ತುಟಿ ತಾಗಿಸದೆ ಎತ್ತಿ ಕುಡಿಯುವವಳು. ಎತ್ತಿ ಕುಡಿಯುವುದು ನಿಧಾನ, ಅರ್ಧ ಬಾಯಿಗೆ, ಅರ್ಧ ಲಂಗದ ಮೇಲೆ. ಅಷ್ಟರಲ್ಲಿ ತ್ರಿಶಲಾಳ ಊರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ತಂಗೆವ್ವ ಓಡಿ ಹೋಗಿ, ತಾನು ಹತ್ತದ ಆ ಬಸ್ಸಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದಳು. “ಡ್ರೈವರ್ ಸಾಹೇಬ್ರ, ನಮ್ಮಾಕಿ ಎತ್ತಿ ಕುಡಿಯಾಕಿ ಅದಾಳ್ರಿ. ಜರಾ ತಡೀರಿ.” ಬಸ್ಸು ತಡೆಯುತ್ತಿತ್ತು. ತಂಗೆವ್ವನ ಗಂಟಲಿಗೆ ಆಗಲೂ ಆ ತಾಕತ್ತಿತ್ತು.

ಪಬ್ಬಿನ ಮೂರನೆಯ ನಿಯಮದಿಂದ ಅನಾಹುತವಾಯಿತು. ತ್ರಿಶಲಾ ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಅವರಲ್ಲಿ ಅದು ರೂಢಿ, ಆಕೆ ಹುಟ್ಟಿದಂದಿನಿಂದ ಪಾಲಿಸಿಕೊಂಡು ಬಂದದ್ದು. ಹಾಗಾಗಿ ಸೂರ್ಯ ಇಳಿಯುತ್ತಿದ್ದಂತೆ “ಹೊತ್ತು ಮುಳುಗಿತು. ಪಬ್ ಬಂದ್” ಎಂದು ಬರೆದು ಮೊಬೈಲು ಮಗುಚಿಡುತ್ತಿದ್ದಳು. ಶ್ರಾವಣದಲ್ಲಿ ಏಳರವರೆಗೆ ಬೆಳಕಿತ್ತು, ತಂಗೆವ್ವ ಎಮ್ಮೆ ಹಿಂಡಿ ಓಡಿ ಬಂದರೆ ಹತ್ತು ನಿಮಿಷವಾದರೂ ಸಿಗುತ್ತಿತ್ತು. ದಸರೆ ಮುಗಿದು ದೀಪಾವಳಿ ಹತ್ತಿರ ಬಂದಂತೆ ಪಬ್ಬು ಆರಕ್ಕೇ ಬಂದಾಗತೊಡಗಿತು. ತಂಗೆವ್ವನ ಎಮ್ಮೆಗಳು ಮಾತ್ರ ಪಂಚಾಂಗ ನೋಡುತ್ತಿರಲಿಲ್ಲ.

ಒಂದು ಸಂಜೆ ಜಗಳ ಹತ್ತಿಕೊಂಡಿತು.

“ಬಾಗಲಾ ತಗಿಬೇ. ಎಮ್ಮಿ ಹಿಂಡಿ ಈಗ ಬಂದೇನಿ.”

“ಹೊತ್ತು ಮುಳಗೇತಿ ತಂಗಿ. ನಾಳೆ ಬಾ.”

“ನೀ ಕುಡೀಬ್ಯಾಡ. ನನಗ ಹಾಕಿ ಕೊಡು.”

“ನಾ ಮುಟ್ಟಲಾರದ್ದು ನಿನಗ ಹೆಂಗ ಬಡಸಲಿ?”

“ಏನ ಬಡಸ್ತಿ? ಅಲ್ಲೆ ಗ್ಲಾಸರ ಐತೇನ?”

“ಗ್ಲಾಸ ಇಲ್ಲಂದ್ರ ಏನಾತು, ಹೊತ್ತಂತೂ ಖರೇನ ಮುಳಗೇತಲ್ಲ.”

ತಂಗೆವ್ವನಿಂದ ಉದ್ದನೆಯದೊಂದು ಬಂತು. “ಇಡೀ ದಿನದಾಗ ನನಗ ಕುಂಡ್ರಾಕ ಸಿಗೂದು ಈ ಅರ್ಧ ತಾಸ. ನಿನ್ನ ಸಲುವಾಗಿ ನಾ ಬಸ್ ನಿಂದರಸೇನಿ ತ್ರಿಶಲಾ. ನೀ ನನ್ನ ಸಲುವಾಗಿ ಸೂರ್ಯಾನ್ನ ನಿಂದರಸಂತ ಹೇಳಿದ್ನೇನ? ಹತ್ತ ನಿಮಿಷ ಬಾಗಲಾ ತಗದಿಡಂದೆ.”

ಹೊಳೆವ್ವ ಕೈಮುಗಿದ ಚಿತ್ರ ಕಳಿಸಿದಳು. ಅದರ ಕೆಳಗೆ ತಂಗೆವ್ವ ಗ್ರೂಪು ಬಿಟ್ಟು ಹೋದಳೆಂಬ ಒಂದು ಸಾಲು ಮೂಡಿತು.

ಎಂಟು ದಿನ ತ್ರಿಶಲಾ ನಾಲ್ಕು ಗಂಟೆಗೆ ಸರಿಯಾಗಿ ಪಬ್ ತೆರೆದಳು. ಹೊಳೆವ್ವ ಬಂದು ಕೈಮುಗಿದು ಹೋಗುತ್ತಿದ್ದಳು. ಮೂರನೆಯ ಸ್ಟೂಲು ಖಾಲಿ. ಉಳ್ಳಾಗಡ್ಡಿಯ ಟೇಬಲ್ಲೂ ಖಾಲಿ, ಮತ್ತು ಎಂದೂ ಉಳ್ಳಾಗಡ್ಡಿ ಮುಟ್ಟದ ತ್ರಿಶಲಾ ದಿನಾ ಆ ಟೇಬಲ್ಲನ್ನು ಮನಸ್ಸಿನಲ್ಲೇ ಒರೆಸಿಡುತ್ತಿದ್ದಳು. ಮನೆಯಲ್ಲಿ ಆಕೆ ಸೊಸೆ, ಹೆಂಡತಿ, ತಾಯಿ, ಇತ್ತೀಚೆಗೆ ಅಜ್ಜಿ. “ತ್ರಿಶಲಾ” ಎಂದು ಬರೀ ಹೆಸರು ಹಿಡಿದು ಬೈಯುವವಳು ಲೋಕದಲ್ಲಿ ಒಬ್ಬಳೇ ಇದ್ದಳು, ಆಕೆಯನ್ನೂ ಹೊರಗೆ ನಿಲ್ಲಿಸಿದ್ದಾಯಿತು. ಬಸ್ಸಿನ ಬಾಗಿಲಲ್ಲಿ ಅಡ್ಡ ಹಿಡಿದ ಆ ಕೈ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ಎಪ್ಪತ್ತೆಂಟರ ಅತ್ತೆ ಅನುಸೂಯಾಬಾಯಿ ಜಪಮಣಿ ಎಣಿಸುತ್ತಲೇ ಕೇಳಿದರು. “ಏನವಾ, ರೊಟ್ಟಿ ಸುಡಾಕತ್ತಾವೋ, ನೀನ ಸುಡಾಕತ್ತೀಯೋ?”

“ಒಲಿ ದೊಡ್ಡದಾಗಿತ್ರಿ ಅತ್ತ್ಯಾರ” ಎಂದಳು ತ್ರಿಶಲಾ.

ಒಂಬತ್ತನೆಯ ದಿನ ಹೊತ್ತು ಮುಳುಗಿ, ಬಸದಿಯ ಗಂಟೆ ಕೇಳಿ, ಮಾಳಿಗೆಯ ಮೇಲೆ ಪೂರಾ ಕತ್ತಲಾದ ಮೇಲೆ ಆಕೆ ತಂಗೆವ್ವನಿಗೆ ಬರೆದಳು. “ಬಸ್ ನಿಂದರಸೇನಿ. ಬಾ.”

ಉತ್ತರ ಬರಲು ಎರಡು ಎಮ್ಮೆ ಹಿಂಡುವಷ್ಟು ಹೊತ್ತಾಯಿತು. “ನೀನೂ ಕುಡೀತಿಯೇನ?”

“ಕುಡೀತೇನಿ.”

“ಖರೇ?”

“ಗ್ಲಾಸ ಕೈಯಾಗ ಐತಿ.”

“ಎತ್ತಿ ಕುಡೀತಿಯೋ, ಕಚ್ಚಿ ಕುಡೀತಿಯೋ?”

ತ್ರಿಶಲಾ ಸುತ್ತ ನೋಡಿದಳು. ನೀರಿನ ಟಾಕಿ ಬಿಟ್ಟರೆ ಯಾರೂ ಇರಲಿಲ್ಲ. “ಇವತ್ತ ಕಚ್ಚಿ” ಎಂದು ಬರೆದಳು.

ಆಮೇಲೆ ಒಂದು ತಾಸು ಇಬ್ಬರೂ ಸ್ಟೂಲಿನಿಂದ ಇಳಿಯಲಿಲ್ಲ. ರೇವಪ್ಪನ ಗಾಡಿಯ ಗೆಜ್ಜೆ ಎಷ್ಟಿದ್ದವು ಎಂಬುದರ ಮೇಲೆ ಜಗಳವಾಡಿದರು. ಖೋಲಿಯ ಸ್ಟೋವು ಭಗ್ಗೆಂದು ಹೊಳೆವ್ವನ ಹುಬ್ಬು ಸುಟ್ಟಿದ್ದು, ಆಕೆ ಒಂದು ತಿಂಗಳು ಕಾಡಿಗೆಯಿಂದ ಹುಬ್ಬು ಬರೆದುಕೊಂಡು ಕಾಲೇಜಿಗೆ ಹೋಗಿದ್ದು ನೆನಪಾಗಿ ಒಬ್ಬಳು ತೇರದಾಳದ ಮಾಳಿಗೆಯ ಮೇಲೆ, ಒಬ್ಬಳು ಸಾವಳಗಿಯಲ್ಲಿ ಎಮ್ಮೆ ಮೇಯುವ ಗ್ವಾದಲಿಯ ಹತ್ತಿರ, ಸೆರಗು ಬಾಯಿಗಿಟ್ಟು ನಕ್ಕರು. ತಂಗೆವ್ವ ಮತ್ತೆ ಗ್ರೂಪಿಗೆ ಬಂದಳು. ಹೊಳೆವ್ವ ಕೈ ಮುಗಿದಳು.

ಖುಷಿ ಬೆಳಗಿನವರೆಗೆ ಇತ್ತು. ಎದ್ದು ಹಲ್ಲುಜ್ಜುವಾಗ ತ್ರಿಶಲಾಳಿಗೆ ಲೆಕ್ಕ ಹೊಳೆಯಿತು. ಐವತ್ತೈದು ವರ್ಷದಲ್ಲಿ ಮೊದಲ ಸಲ ಆಕೆ ಹೊತ್ತು ಮುಳುಗಿದ ಮೇಲೆ ಕುಡಿದಿದ್ದಳು. ಮನಸ್ಸಿನಲ್ಲಿಯೇ ಆಗಿರಬಹುದು, ಆದರೆ ರುಚಿ ಹತ್ತಿದ್ದು ಸುಳ್ಳೇ? ಚಾತುರ್ಮಾಸಕ್ಕೆ ಬಂದು ತಂಗಿದ್ದ ಸಾಧ್ವಿ ಮಾತಾಜಿ ಬಸದಿಯಲ್ಲಿದ್ದರು. ಹೋಗಿ ಹೇಳಿ ಪ್ರಾಯಶ್ಚಿತ್ತ ಕೇಳುವುದೇ ಸರಿ ಎಂದು ಹೊರಟಳು. ಅಲ್ಲಿ ಹತ್ತಾರು ಹೆಂಗಸರು ಕುಳಿತಿದ್ದರು, ಎಲ್ಲರಿಗಿಂತ ಮುಂದೆ ಅತ್ತೆ. ತಿರುಗಿ ಬರಬಹುದಿತ್ತು. ಆದರೆ ಅಷ್ಟರಲ್ಲಿ ಆಕೆ ಕೈ ಮುಗಿದಾಗಿತ್ತು.

“ಮಾತಾಜಿ, ವಂದಾಮಿ. ನಿನ್ನೆ ಹೊತ್ತು ಮುಳಗಿದ ಮ್ಯಾಲ ಕುಡದೇನ್ರಿ.”

“ನೀರೇನವಾ?”

“ಅಲ್ರಿ. ಬೀರು.”

ಅರ್ಪಿಸಲು ಅಕ್ಕಿ ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಅನುಸೂಯಾಬಾಯಿಯವರ ಜಪಮಣಿಯೂ ನಿಂತಿತು.

“ಎಲ್ಲಿ?” ಎಂದರು ಮಾತಾಜಿ.

“ಪಬ್ಬಿನಾಗ್ರಿ.” ಎಲ್ಲರೂ ತನ್ನತ್ತ ತಿರುಗಿದ್ದು ನೋಡಿ ತ್ರಿಶಲಾ ಅವಸರದಲ್ಲಿ ಸರಿಪಡಿಸಹೋದಳು. “ಬೀರಿನ ಬಾಟ್ಲ್ಯಾಗ ಇದ್ದದ್ದು ಕಬ್ಬಿನ ಹಾಲ್ರಿ. ಬಾಟ್ಲಿನೂ ಇರಲಿಲ್ರಿ. ಪಬ್ಬೂ ಇಲ್ರಿ. ಎಲ್ಲಾ ಮೊಬೈಲನಾಗ ಬರೇ ಮಾತಿನಾಗ್ರಿ.”

“ಬಾಟ್ಲಿ ಇಲ್ಲ, ಪಬ್ ಇಲ್ಲ. ಮತ್ತ ಇದ್ದದ್ದರ ಏನು?”

“ಗೆಳತಿ ಇದ್ಲ್ರಿ” ಎಂದಳು ತ್ರಿಶಲಾ. ಅದೊಂದು ಉತ್ತರ ಮಾತ್ರ ತಡವರಿಸದೆ ಬಂತು. ಬಸ್ಸಿನಿಂದ ಹಿಡಿದು ಎಮ್ಮೆಯವರೆಗೆ ಎಲ್ಲವನ್ನೂ ಹೇಳಿದಳು.

ಮಾತಾಜಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಲೆಕ್ಕ ಕಟ್ಟಿದರು. “ಮನ, ವಚನ, ಕಾಯ ಅಂತ ಮೂರು. ಮನಸ್ಸಿನಾಗ ಕುಡದಿ, ಒಂದಾತು. ಕುಡದೇನಂತ ಬರದಿ, ವಚನನೂ ಆತು. ಕಾಯ ಒಂದು ಉಳದೈತಿ. ಎಲ್ಲಿ ತಪ್ಪು ಮಾಡೀದಿ, ಅಲ್ಲೇ ತಿದ್ದಬೇಕು. ಆ ಪಬ್ಬಿನಾಗ ಕುಂತು ನೂರಾ ಎಂಟು ಸಲ ಣಮೋಕಾರ ಮಂತ್ರ ಬರಿ. ಒಂದ ಸಲ ಬರದು ಅದನ್ನ ಅಂಟಸ್ಕೋತ ಹೋಗಬ್ಯಾಡ, ಒಂದೊಂದಕ್ಷರ ಕೈಲೆ ಬರಿ.”

(ಮೊಬೈಲು ಮುಟ್ಟದ ಮಾತಾಜಿಗೆ ಅಂಟಿಸುವ ವಿದ್ಯೆ ಹೇಗೆ ಗೊತ್ತಾಯಿತು ಎಂಬುದು ತ್ರಿಶಲಾಳಿಗೆ ಇವತ್ತಿಗೂ ತಿಳಿದಿಲ್ಲ.)

“ಮತ್ತ ಗೆಳತಿ ಬಂದ್ರ ಏನ ಮಾಡ್ಲಿ ಮಾತಾಜಿ? ಆಕಿ ಬರೂದ ಹೊತ್ತು ಮುಳಗಿದ ಮ್ಯಾಲ.”

“ಬಾಗಲಾ ತಗದಿಡು. ನೀ ಕುಡೀಬ್ಯಾಡ, ಆಕಿನ್ನ ಹೊರಗ ನಿಂದರಸಬ್ಯಾಡ.”

ಮಧ್ಯಾಹ್ನ ತ್ರಿಶಲಾ ಮಾಳಿಗೆ ಹತ್ತಿದಳು. ಐದು ಸಾಲಿನ ಮಂತ್ರ, ನೂರೆಂಟು ಸಲ, ಒಂದು ಹೆಬ್ಬೆರಳು. ಅರಿಹಂತ ಎಂದು ಬರೆದರೆ ಮೊಬೈಲು ತಾನೇ ಶ್ಯಾಣ್ಯಾನಂತೆ ಅರಿಷಿಣ ಮಾಡುತ್ತಿತ್ತು, ಅಳಿಸಿ ಮತ್ತೆ ಬರೆಯಬೇಕು. ಒಂಬತ್ತನೆಯ ಸಲಕ್ಕೆ ಬರುವಷ್ಟರಲ್ಲಿ ಬೆರಳು ಮರಗಟ್ಟಿತು.

“ಏನ ನಡದೈತಿಬೇ ಪಬ್ಬಿನಾಗ? ಹಗಲ ಹೊತ್ತಿನಾಗ ಭಜನಿ?” ಎಂದು ತಂಗೆವ್ವ ಕೇಳಿದಳು. ತ್ರಿಶಲಾ ನಡೆದದ್ದನ್ನು ತಿಳಿಸಿದಳು. ಸಾವಳಗಿ ಕಡೆಯಿಂದ ಮಂತ್ರ ಬಂತು, ಒಂದಲ್ಲ, ಎರಡು. ಕೆಳಗೆ ಒಂದು ಸಾಲು. “ಕುಡದದ್ದು ಕೂಡೇ ಕುಡದೇವಿ. ಹಂಚಕೊಳ್ಳೂಣು. ಬೈ-ಥ್ರೀ. ನಡ್ಕ ಎಲ್ಲೆರ ಓಂ ನಮಃ ಶಿವಾಯ ಬಂದಿದ್ರ ಹೊಟ್ಟ್ಯಾಗ ಹಾಕ್ಕೊ.”

ತಲಾ ಮೂವತ್ತಾರು. ಹುಟ್ಟಿದ ಮೇಲೆ ಒಂದು ಪೂರಾ ವಾಕ್ಯ ಬರೆಯದ ಹೊಳೆವ್ವ ಕೂಡ ಮೂವತ್ತಾರು ಬರೆದು ಮುಗಿಸಿ, ಆಮೇಲೆ ಕೈ ಮುಗಿದಳು. ಪ್ರಾಯಶ್ಚಿತ್ತವನ್ನು ಹೀಗೆ ಹಂಚಿಕೊಳ್ಳಬಹುದೇ ಎಂದು ಮಾತಾಜಿಯನ್ನು ಕೇಳುವ ಧೈರ್ಯ ತ್ರಿಶಲಾಳಿಗೆ ಬರಲಿಲ್ಲ. ಮೂರೂ ಸ್ಟೂಲು ತುಂಬಿದ್ದವು, ಅಷ್ಟು ಸಾಕಾಗಿತ್ತು. ಕಣ್ಣೊರೆಸಿಕೊಂಡು ಕೆಳಗಿಳಿದಳು.

ಕೆಳಗೆ ಅತ್ತೆ ಕಾಯುತ್ತಿದ್ದರು. ಈಗ ಮಂಗಳಾರತಿ ಎಂದು ತ್ರಿಶಲಾ ತಲೆ ತಗ್ಗಿಸಿ ನಿಂತಳು.

“ಆ ನಿನ್ನ ಅಂಗಡಿ ಎಷ್ಟಕ್ಕ ತಗೀತೈತಿ?”

“ನಾಕಕ್ರಿ ಅತ್ತ್ಯಾರ.”

ಅನುಸೂಯಾಬಾಯಿ ಮೊಮ್ಮಗ ಮನೋಜ ಪ್ರವಚನ ಕೇಳಲೆಂದು ಕೊಡಿಸಿದ ಮೊಬೈಲನ್ನು ಸೆರಗಿನಿಂದ ಹೊರತೆಗೆದು ಮುಂದೆ ಚಾಚಿದರು. “ನನ್ನೂ ಹಾಕು. ಬಸದ್ಯಾಗ ಇನ್ನೂ ಐದ ಮಂದಿ ಕೇಳ್ಯಾರ, ಅವರನ್ನೂ ಹಾಕು.”

ನಾಲ್ಕಕ್ಕೆ ಬೈ-ಥ್ರೀಯಲ್ಲಿ ಒಂಬತ್ತು ಸ್ಟೂಲುಗಳಾದವು. ಅತ್ತೆಗೆ ಬರೆಯಲು ಬಾರದು, ಅವರು ಪಡಸಾಲೆಯಿಂದ ದನಿ ಕಳಿಸಿದರು. “ನನಗ ಎರಡು ಬೀರು ತಾ. ನೀರು ಸೋಸಿದ್ದ ಇರಬೇಕು. ಒಂದು ಬೋರವ್ವಗ.”

“ಬೋರವ್ವ ಯಾರ್ರಿ?” ಎಂದು ಬೇರೆ ಯಾರೋ ಕೇಳಿದರು.

“ನನ್ನ ಗೆಳತಿ. ರಬಕವ್ಯಾಗ ನಮ್ಮ ತವರಮನಿ ಬಾಜೂದಾಕಿ, ಮಗ್ಗದವರ ಮನಿಯಾಕಿ. ಒಂದ ಪೇರಲ ಹಣ್ಣು ಇಬ್ಬರೂ ತಿಂತಿದ್ವಿ. ಲಗ್ನ ಆಗಿ ಇಲ್ಲಿ ಬಂದ ಮ್ಯಾಲ ಒಮ್ಮೆನೂ ಹೋಗಿ ಮಾತಾಡ್ಸಾಕ ಆಗಲಿಲ್ಲ. ಹೋದ ವರ್ಸ ಹೋಗಿಬಿಟ್ಲು.” ಹಿಂದೆಯೇ ಇನ್ನೊಂದು ದನಿ ಬಂತು. “ಇಲ್ಲಿ ಬಾಟ್ಲಿ ಇಲ್ಲದ ನಡೀತೈತಿ ಅಂದ್ರ, ಬೋರವ್ವ ಇಲ್ಲದನೂ ಬೋರವ್ವಗೊಂದು ನಡೀತೈತಲ್ಲ.”

ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೂ ತ್ರಿಶಲಾ ಆ ಹೆಸರನ್ನು ಕೇಳಿರಲಿಲ್ಲ. ತನ್ನ ಸ್ಟೂಲನ್ನೇ ಎಳೆದು ಅತ್ತೆಯ ಪಕ್ಕಕ್ಕೆ ಇಟ್ಟಳು. ಎರಡು ಗ್ಲಾಸು ಒಯ್ದು ಕೊಟ್ಟಳು. ಒಬ್ಬರು ಬಾಳೆಕಾಯಿ ಚಿಪ್ಸ್ ಎಂದರು, ಒಬ್ಬರು ಏಲಕ್ಕಿ ಹಾಕಿದ ಬೀರು ಎಂದರು, ಇನ್ನೊಬ್ಬರು ತಮಗೆ ಸಕ್ಕರೆ ಕಾಯಿಲೆಯೆಂದು ಸಪ್ಪನೆಯದು ಕೇಳಿದರು. ಆರಕ್ಕೆ ಹಿರಿಯರ ಪಾಳಿ ಮುಗಿದು ಎಲ್ಲರೂ ಎದ್ದರೆ, ಹೊರಗೆ ಎಮ್ಮೆ ಹಿಂಡಿ ಬಂದ ತಂಗೆವ್ವ ನಿಂತಿದ್ದಳು. “ಯಾರದೀರಿ ಒಳಗ? ವೇಟರ್, ಒಂದ ಪ್ಲೇಟ ಉಳ್ಳಾಗಡ್ಡಿ ಭಜಿ.”

ತ್ರಿಶಲಾಬಾಯಿ ತನ್ನ ಸ್ಟೂಲಿಗಾಗಿ ಸುತ್ತ ನೋಡಿದಳು. ಅದನ್ನು ಬೋರವ್ವನಿಗೆ ಕೊಟ್ಟದ್ದು ನೆನಪಾಯಿತು, ಖಾಲಿಯಾದ ಉಳಿದವೂ ಒಬ್ಬೊಬ್ಬರ ಹೆಸರಿನವು. ಟ್ರೇ ಹಿಡಿದು ನಿಂತೇ ಇದ್ದಳು. ಪಬ್ ತೆರೆದ ಮೇಲೆ ಮೊದಲ ಸಲ, ಅಲ್ಲಿಯೂ ಆಕೆಯ ಮೊಣಕಾಲು ನೋಯತೊಡಗಿತು.