ಕೊನೆಯ ಇಪ್ಪತ್ತು ಪುಟ

ಹೊಸ ವರ್ಷದ ದಿನ ದುರುಗೇಶ ಭೀಷ್ಮಪ್ರತಿಜ್ಞೆ ಮಾಡಿದ: ಐವತ್ತೆರಡು ಭಾನುವಾರ, ಐವತ್ತೆರಡು ಪುಸ್ತಕ! ವಾರಕ್ಕೊಂದನ್ನು ಸಿಂಧನೂರಿನ ಓದುಗರ ಗ್ರೂಪಿಗೆ ಶಿಫಾರಸು ಮಾಡಿಯೇ ತೀರುತ್ತೇನೆ! ಓದುತ್ತೇನೆ ಎಂದು ಮಾತ್ರ ಎಲ್ಲಿಯೂ ಹೇಳಲಿಲ್ಲ.

ಆ ಗ್ರೂಪಿನಲ್ಲಿ ಯೂನುಸ ದೆವ್ವದ ಕಥೆಗಳನ್ನಷ್ಟೇ ಹಾಕುತ್ತಿದ್ದ. ಅಂಬಿಕಾ ಟೀಚರು ಕವಿತೆ, ಹಾಜಿಸಾಬರು ಯುದ್ಧದ ಚರಿತ್ರೆ. ದುರುಗೇಶನಿಗೆ ಯಾವ ಬಗೆಯೂ ವರ್ಜ್ಯವಲ್ಲ. ಹಿಂಬದಿಯ ರಟ್ಟು ಎಲ್ಲ ಪುಸ್ತಕಕ್ಕೂ ಇರುತ್ತದಲ್ಲ!

"ಮದುವಿ ಮನಿ ಹೊರಗ ನಿಂತು ಊಟ ಚಲೋ ಇತ್ತು ಅಂದಂಗಾತು ನಿಮ್ಮದು," ಎಂದು ಹೆಂಡತಿ ಸುರೇಖಾ ತಿವಿದಳು.

"ತಿಳದವರಿಗೆ ವಾಸನಿ ಸಾಕು," ಎಂದ ದುರುಗೇಶ.

ಫೆಬ್ರವರಿಯಲ್ಲಿ ಗ್ರೂಪಿನ ಹಿರಿಯರಾದ ಅಂಬಪ್ಪ ತೀರಿಕೊಂಡರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಗಟ್ಟಿ ಮನುಷ್ಯ. ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಮಸ್ಕಿಯಿಂದ ಓಡಿಬಂದ ತಂಗಿ ಶೇಖರಮ್ಮ ಹೆಣದ ಮುಂದೆಯೇ ಎದೆ ಬಡಿದುಕೊಂಡಳು: "ಕಲ್ಲಿನಂಗಿದ್ದನಲ್ಲೋ ನಮ್ಮಣ್ಣ! ಏನ್ ಉಣಿಸಿದ್ದಿ ಅತ್ತಿಗೀ?" ದುಃಖದಲ್ಲಿ ಬಂದ ಮಾತು. ಆದರೆ ಓಣಿಗೆ ಕಿವಿಗಳಿದ್ದವು.

ಹನ್ನೊಂದನೆಯ ದಿನದ ಊಟಕ್ಕೆ ಬಂದವರಿಗೆ ಸತ್ತವರ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಕೊಡುವುದು ವಾಡಿಕೆ. ಅಂಬಪ್ಪನವರ ಹೆಂಡತಿ ಜೋಗಮ್ಮ ದುರುಗೇಶನನ್ನು ಕರೆಸಿದಳು.

"ಡಬ್ಬಿ ಬ್ಯಾಡ ತಮ್ಮಾ. ಅವರು ಪುಸ್ತಕದ ಮನುಷ್ಯಾ. ನೀ ಗ್ರೂಪಿನ್ಯಾಗ ಹಾಕಿದ್ದಿ ನೋಡು, ಹಳದಿ ರಟ್ಟಿಂದು, ಅದನ್ನ ಹಂಚೂನು."

ದುರುಗೇಶನ ಎದೆ ಎರಡಂಗುಲ ಉಬ್ಬಿತು. 'ದಾಂಪತ್ಯದ ಆಳ ತೋರುವ ಕಾದಂಬರಿ' ಎಂದು ರಟ್ಟಿನ ಮೇಲಿದ್ದುದನ್ನು ಅವನೇ ನಕಲು ಹೊಡೆದು ಹಾಕಿದ್ದ! "ಮೂರು ಸಲ ಓದೀನಕ್ಕಾ! ಓದಿದಾಗೆಲ್ಲ ಕಣ್ಣೀರು!"

ಹತ್ತನೆಯ ದಿನ ಬೆಳಿಗ್ಗೆ ಲಿಂಗಸುಗೂರಿನ ಬಸ್ಸಿನಲ್ಲಿ ನೂರು ಪ್ರತಿ ಬಂದಿಳಿದವು. ಒಂದೊಂದರ ಮೊದಲ ಪುಟಕ್ಕೂ ಅಂಬಪ್ಪನವರ ಫೋಟೊ ಅಂಟಿಸಬೇಕು. ಅಂಟಿಸುತ್ತ ಕುಳಿತ ಸುರೇಖಾ ಸುಮ್ಮನೆ ಓದತೊಡಗಿದವಳು, ಮಧ್ಯಾಹ್ನ ಊಟ ಬಿಟ್ಟು ಎದ್ದುಬಂದಳು.

"ರೀ, ಇದನ್ನ ಓದೀರೇನ್ರಿ?"

"ಓದದ ಹಾಕ್ತೀನೇನು?"

"ಹಂಗಾದ್ರ ಗಂಡನ್ನ ಕೊಂದವರು ಯಾರು, ಹೇಳ್ರಿ."

"...ಯಾವ ಗಂಡ?"

"ಮೊದಲನೇ ಪುಟದಾಗ ಸಾಯ್ತಾನಲ್ರೀ, ಅವ! ಉಂಡು ಮಲಗ್ತಾನ, ಮುಂಜಾನಿ ಏಳೂದಿಲ್ಲ. ಅಂಬಲ್ಯಾಗ ಹುಳದ ಔಷಧ ಹಾಕಿದಾಕಿ ಹೆಂಡತಿ! ಕಡೀ ಅಧ್ಯಾಯದಾಗ ಒಪ್ಪಿಕೋತಾಳ!"

ದುರುಗೇಶ ಪುಸ್ತಕದ ರಾಶಿಯತ್ತ ತಿರುಗಿದ. ನೂರು ಪುಸ್ತಕಗಳಲ್ಲಿ ನೂರು ಅಂಬಪ್ಪ ನಗುತ್ತಿದ್ದರು. ನಾಳೆ ಒಂದು ಪ್ರತಿ ಶೇಖರಮ್ಮನ ಕೈ ಸೇರುತ್ತದೆ. ಆಮೇಲೆ ಜೋಗಮ್ಮ ಓಣಿಯಲ್ಲಿ ತಲೆಯೆತ್ತಿ ನಡೆಯುವುದುಂಟೆ?

"ಅಕ್ಕಗ ಹೇಳಿಬಿಡ್ರಿ," ಎಂದಳು ಸುರೇಖಾ.

"ಹೆಂಗ ಹೇಳ್ಲಿ? ಮೂರು ಸಲ ಓದೀನಿ ಅಂದೀನಲ್ಲ!"

ಸಂಜೆಯವರೆಗೆ ಬಾಗಿಲು ಹಾಕಿಕೊಂಡು, ಪ್ರತಿಯೊಂದರ ಕೊನೆಯ ಇಪ್ಪತ್ತು ಪುಟ ಹರಿದ. ಎರಡು ಸಾವಿರ ಪುಟ! ಹೆಬ್ಬೆರಳಿಗೆ ಬೊಬ್ಬೆ! ಮೂರು ಸಲ ಓದಿದ ಪುಸ್ತಕವನ್ನು ಮಹಾಶಯ ಮೊದಲ ಸಲ ತೆರೆದದ್ದು ಹರಿಯುವುದಕ್ಕೆ!

ಮರುದಿನ ಹನ್ನೊಂದರ ಕಾರ್ಯ ಸುಸೂತ್ರವಾಗಿ ಮುಗಿಯಿತು, ಪುಸ್ತಕ ಹಂಚಿದ್ದೂ ಆಯಿತು. ಆದರೆ ಜನ್ಮದಲ್ಲಿ ಪುಸ್ತಕ ಮುಟ್ಟದವರೂ ಅದನ್ನು ಓದಿಬಿಟ್ಟರು! ಓದಿ, ಅಂತ್ಯ ಸಿಗದೆ ಒದ್ದಾಡಿದರು. ಮೂರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಯೂನುಸ ದೂರದಿಂದಲೇ ಕೂಗಿದ: "ದುರುಗೇಶಣ್ಣಾ! ಅಂಬಪ್ಪನೋರ ಪುಸ್ತಕದಾಗ ಕೊಂದವರು ಯಾರಣ್ಣಾ?"

ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಮಾತು ಬಸ್ಸು ಹತ್ತಿ ಮಸ್ಕಿ ಮುಟ್ಟುವಷ್ಟರಲ್ಲಿ ಬೆಳೆದು ನಿಂತಿತ್ತು: "ಅಂಬಪ್ಪನ್ನ ಯಾರೋ ಕೊಂದಾರಂತ! ಗೊತ್ತಾಗಬಾರದಂತ ಹಾಳಿ ಹರದಾರಂತ!" ಜೋಗಮ್ಮನ ಹೆಸರು ಉಳಿಸಲು ಹೋದವನು ಹೆಣವನ್ನೇ ಮತ್ತೆ ಎಬ್ಬಿಸಿ ಕೂರಿಸಿದ್ದ.

ಭಾನುವಾರ ಬೆಳಿಗ್ಗೆ ಜೋಗಮ್ಮ ಬಾಗಿಲಲ್ಲಿ ನಿಂತಳು.

"ಹಾಳಿ ನೀನ ಹರದೀಯೇನು ತಮ್ಮಾ?"

"ಹೂಂ ಅಕ್ಕಾ."

"ಯಾಕ?"

ಸುರೇಖಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. "ನಾ ಅದನ್ನ ಒಂದು ಸಲಾನೂ ಓದಿಲ್ಲಕ್ಕಾ. ಅದರಾಗ ಕೊಂದಾಕಿ ಹೆಂಡತಿ. ಶೇಖರಮ್ಮ, ಓಣಿ ಮಂದಿ... ನಿಮಗ ಮಾತು ಬರಬಾರದಂತ ಹರದೆ."

ಜೋಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾಳೆಂದುಕೊಂಡ ದುರುಗೇಶ; ಆಕೆ ನಗುತ್ತಿದ್ದಳು. ನಗುತ್ತ ನಗುತ್ತ ಕಣ್ಣು ತುಂಬಿ ಹರಿಯಿತು.

"ಆಕೀನ ಅಂತ ನಾ ಮೊದಲನೇ ದಿನಾನ ಹೇಳಿದ್ದೆ! ದಿನಾ ಸಂಜಿಗೆ ಅದನ್ನ ನನಗ ಓದಿ ಹೇಳ್ತಿದ್ರು ಅವರು. 'ಇಲ್ಲಲೇ, ಸತ್ತವನ ತಮ್ಮ ಕೊಂದಾನ' ಅಂತ ಅವರ ಜಿದ್ದು. ಇಪ್ಪತ್ತು ಪುಟ ಉಳಿದಿದ್ವು. 'ನಾಳೆ ಗೊತ್ತಾಗ್ತದ ತಡಿ' ಅಂದು ಮಲಗಿದವರು ಏಳಲೇ ಇಲ್ಲ. ಅವರ ಪುಸ್ತಕಾನೂ ಅವರ ಸಂಗಾಟ ಮಣ್ಣಾಗ ಇಟ್ಟಿವಿ. ನನಗ ಓದಾಕ ಬರೂದಿಲ್ಲ. ನೂರು ಮಂದಿಗೆ ಹಂಚಿದ್ರ ಒಬ್ಬರಾದ್ರೂ ಬಂದು ಕಡೀಕ ಏನಾತು ಅಂತ ಹೇಳ್ಯಾರು ಅಂದುಕೊಂಡೆ. ನೂರೂ ಹರದು ಕುಂತೀಯಲ್ಲೋ!"

"ಮತ್ತ ಶೇಖರಮ್ಮ...?"

"ಆಕಿ ನಿನ್ನೆ ಮಸ್ಕಿಯಿಂದ ಬಂದಿದ್ದಳು, ಕಡೀ ಹಾಳಿ ಕೇಳಾಕ!"

ದುರುಗೇಶ ಅಟ್ಟದ ಮೇಲಿನ ಚೀಲದಿಂದ ಒಂದು ಹಿಡಿ ಪುಟ ತೆಗೆದು, ಜೋಡಿಸಿ, ತಲೆತಗ್ಗಿಸಿ ಮುಂದೆ ಹಿಡಿದ.

"ನನಗ್ಯಾಕ ಕೊಡ್ತಿ?" ಎಂದಳು ಜೋಗಮ್ಮ, ಮೂಗು ಒರೆಸಿಕೊಂಡು. "ಕುಂದ್ರು. ಓದು. ನಾ ಗೆದ್ದಿದ್ದನ್ನ ನನ್ನ ಕಿವಿಲೆ ಕೇಳಬೇಕು. ಸಾವಕಾಶ ಓದು, ಗಡಬಡಿ ಮಾಡಬ್ಯಾಡ. ನಿನಗೂ ಹೊಸದು ಅದು."