ಬಿಗಿ ಪ್ಲಗ್ಗಿಗೆ ಕೊಬ್ಬರಿ ಎಣ್ಣೆ

ಕಂಪ್ಯೂಟರಿನ ಹೊಟ್ಟೆಯಲ್ಲಿ ಅಷ್ಟೊಂದು ವೈರುಗಳಿರುತ್ತವೆಂದು ನನಗೆ ಮೊದಲು ತಿಳಿದದ್ದು ಗೋಂಗುರ ಸೊಪ್ಪು ಸೋಸುತ್ತಿದ್ದ ಒಂದು ಮಂಗಳವಾರ. ಸೊಸೆ ನಲಿನಿ ಸಿಕಂದರಾಬಾದಿನಿಂದ ಬಿಡಿ ಸಾಮಾನು ತಂದು ನಮ್ಮ ತಾರ್ನಾಕದ ಮನೆಯ ಊಟದ ಮೇಜಿನ ತುಂಬ ಹರವಿದಳು. "ಅಂಗಡಿಯವರ ಕಡೆ ಜೋಡಿಸಿಕೊಂಡ್ರ ನಾ ಕಲಿಯೋದು ಯಾವಾಗ್ರಿ?" ಎಂಬುದು ಅವಳ ವಾದ. ವಿಶ್ವವಿದ್ಯಾಲಯದ ಮೇಡಂ ಒಬ್ಬರ ಪ್ರಬಂಧದ ಕೊನೆಯ ಅಧ್ಯಾಯವನ್ನು ಶುಕ್ರವಾರದೊಳಗೆ ಟೈಪು ಮಾಡಿ ಕೊಡಬೇಕಿತ್ತು. ತಪ್ಪಿದರೆ ಅವಳ ಮೊಟ್ಟಮೊದಲ ಕೆಲಸ ಬೇರೆಯವರ ಪಾಲು.

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಕುರ್ಚಿ ಎಳೆದುಕೊಂಡು ಕುಳಿತೆ. (ಮನೆಯಲ್ಲಿ ಮಹಾಕಾರ್ಯ ನಡೆಯುವಾಗ ಹಿರಿಯರೊಬ್ಬರು ಇರಬೇಕಲ್ಲ.)

ಬುಧವಾರ ಉಳಿದೆಲ್ಲ ಕೂಡಿತು. ಕರೆಂಟು ತರುವ ಅಗಲವಾದ ಪ್ಲಗ್ಗೊಂದು ಮಾತ್ರ ಹಟ ಹಿಡಿಯಿತು. ಒತ್ತಿದರೆ ಕೆಳಗಿನ ಹಸಿರು ಹಲಗೆ ಬಾಗುತ್ತಿತ್ತು.

"ಜೋರು ಮಾಡಬ್ಯಾಡ, ಮುರದೀತು."

"ಜೋರು ಮಾಡಾಕತ್ತಿಲ್ರಿ ಅತ್ತಿ. ಪ್ಲಗ್ಗಿನ ಕೊಕ್ಕಿ ಯಾವ ಕಡೆ ಬರತೈತಿ ಅಂತ ನೋಡಾಕತ್ತೀನಿ. ಉಲ್ಟಾ ಇದ್ರ ಹೋಗಂಗಿಲ್ಲ."

"ಅದಕ್ಕ ಅಷ್ಟು ಬುದ್ಧಿ ಐತೇನು?"

"ಈ ಮನ್ಯಾಗ ಒಬ್ಬಿಬ್ಬರಿಗಿಂತ ಭಾಳ ಐತ್ರಿ."

ಅಷ್ಟರಲ್ಲಿ ಮೇಡಂ ಫೋನು ಬಂತು. "ಮುಟ್ಟಬ್ಯಾಡ್ರಿ," ಎಂದು ಹೇಳಿ ನಲಿನಿ ಎದ್ದಳು.

ನಾನು ಮುಟ್ಟುತ್ತಿರಲಿಲ್ಲ. ಆದರೆ ಯಜಮಾನರಿದ್ದ ಕಾಲದಲ್ಲಿ, ಸನತ್‌ನಗರದ ಕ್ವಾರ್ಟರ್ಸಿನಲ್ಲಿ, ಹೊಸ ಸೊಸೆಯಂದಿರ ಕೈಗೆ ಬಿಗಿ ಬಳೆ ಏರಿಸುತ್ತಿದ್ದವಳು ನಾನೇ. ಅಂಗೈಗೆ ಕೊಬ್ಬರಿ ಎಣ್ಣೆ ಸವರಿ ಮೆಲ್ಲಗೆ ನೂಕಿದರೆ ಒಂದು ಬಳೆಯೂ ಒಡೆದದ್ದಿಲ್ಲ. ಇಷ್ಟು ವಿದ್ಯೆ ಇಟ್ಟುಕೊಂಡು ಸುಮ್ಮನೆ ಕೂಡುವುದು ಪಾಪವೆನಿಸಿತು. ಪ್ಲಗ್ಗಿನ ಮೂತಿಯನ್ನು ಎಣ್ಣೆಯಲ್ಲಿ ಅದ್ದಿ, ಮೈಗೂ ಧಾರಾಳ ಸವರಿ ಒತ್ತಿದೆ. ಟಕ್ಕೆಂದು ಕೂತಿತು.

ನಲಿನಿ ಬಂದವಳೇ, "ಅಯ್ಯ, ಒಳಗ ಹೋತಲ್ರಿ," ಎಂದಳು. ನಾನು ಇಂಜಿನಿಯರಿನಂತೆ ಗಂಭೀರಳಾದೆ. ಅವಳ ಮೂಗು ಅರಳಿತು.

"ಇದೇನ್ರಿ, ಕೊಬ್ಬರಿ ಎಣ್ಣಿ ವಾಸನಿ?"

ಹೇಳಿದೆ. ಅವಳು ತಲೆಗೆ ಕೈ ಹಚ್ಚಿ ಕುಳಿತಳು. ಎಣ್ಣೆ ಪೂರ್ತಿ ಹೋಗುವತನಕ ಸ್ವಿಚ್ಚು ಹಾಕುವಂತಿಲ್ಲವಂತೆ. ತೆಗೆಯಬೇಕೆಂದರೆ ಪ್ಲಗ್ಗು ಬೆರಳಿಗೆ ಸಿಗದೆ ಮೀನಿನಂತೆ ಜಾರುತ್ತದೆ.

"ಕಡ್ಲಿಹಿಟ್ಟು ತರಲೇನು? ಎಣ್ಣಿ ಇಳೀತೈತಿ."

"ಅದರಾಗ ಬಜ್ಜಿ ಮಾಡ್ರಿ ಅತ್ತಿ. ಎರಡು ತಾಸು ಹಿಡಿಯೋವಷ್ಟು ಮಾಡ್ರಿ."

ಅಡುಗೆಮನೆಗೆ ಗಡೀಪಾರಾದೆ. ಆಕೆ ಬಟ್ಟೆಯಲ್ಲಿ ಹಿಡಿದು, ಕೊಕ್ಕಿ ಅದುಮಿ ಪ್ಲಗ್ಗು ಬಿಡಿಸಿದಳು. ಸ್ಪಿರಿಟ್ಟಿನಿಂದ ಒರೆಸಿ ಇಡೀ ರಾತ್ರಿ ಆರಲು ಬಿಟ್ಟಳು. ಗುರುವಾರ ಬೆಳಿಗ್ಗೆ ಹಲಗೆಯ ಅಂಚಿಗೆ ಒಂದು ಕೈ ಆಸರೆ ಕೊಟ್ಟು, ಇನ್ನೊಂದರಿಂದ ನೆಟ್ಟಗೆ ಒತ್ತಿದಳು. ಕೂತಿತು. ಸ್ವಿಚ್ಚು ಹಾಕಿದಾಗ ಕಂಪ್ಯೂಟರಿನೊಳಗಿನ ಫ್ಯಾನು ತಿರುಗಿತು. ಶುಕ್ರವಾರ ಮಧ್ಯಾಹ್ನ ಅಧ್ಯಾಯ ಮೇಡಂ ಕೈಸೇರಿತು.

ಭಾನುವಾರ ಎದುರುಮನೆಯ ಕಲ್ಯಾಣಪ್ಪನವರು ತಮ್ಮ ಕಂಪ್ಯೂಟರನ್ನೂ ಜೋಡಿಸಿಕೊಡಲು ನಲಿನಿಯನ್ನು ಕರೆದರು. (ಓಣಿಯಲ್ಲಿ ಕೀರ್ತಿ ಹಬ್ಬಿಸಿದವಳು ನಾನೇ. ಎಣ್ಣೆಯ ಪ್ರಕರಣ ಮಾತ್ರ ಗುಪ್ತ.) ನಾನೂ ಇಸ್ತ್ರಿ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಬಾಗಿಲಲ್ಲಿ ನಿಂತೆ. ನಲಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬರ್ರಿ ಅತ್ತಿ, ಬ್ಯಾಡ ಅನ್ನಂಗಿಲ್ಲ," ಎಂದಳು. "ಕೈ ಎರಡು ಅಷ್ಟ ಮನ್ಯಾಗ ಬಿಟ್ಟು ಬರ್ರಿ."